ಹತ್ತು ಸಾವಿರದ ನಾನೂರ ಮೂರು

ಕೊನೆಯ ಬಿಲ್ಲೆ ಅಪ್ಪನ ಬೆರಳಿನಿಂದ ಜಾರಿ ಕಲ್ಲುನೆಲಕ್ಕೆ ಬಿದ್ದು ಚೂರುಚೂರಾಯಿತು.

ಹೊಸ ವಾಚನಾಲಯದ ಗೋಡೆಗೆಂದು ಅವರು ಮಣ್ಣಿನಲ್ಲಿ ಮಾಡಿ ಸುಟ್ಟಿದ್ದ ಚೌಕ ಬಿಲ್ಲೆಗಳು ಒಟ್ಟು ಹತ್ತು ಸಾವಿರದ ನಾನೂರ ನಾಲ್ಕು. ಒಂದೊಂದೂ ಹೆಬ್ಬೆರಳ ಉಗುರಿನಷ್ಟು, ಎಲ್ಲವೂ ಒಂದೇ ನೀಲಿ. ಅಂಟಿಸುವ ಮೊದಲು ಮಗಳು ಮೂರು ದಿನ ಕೂತು ಅವನ್ನು ನೆಲದ ಮೇಲೆ ಜೋಡಿಸಿದ್ದಳು: ಅಡ್ಡಕ್ಕೆ ನೂರಾ ಎರಡು, ಉದ್ದಕ್ಕೆ ನೂರಾ ಎರಡು. ಕಡೆಯದನ್ನು ಅಪ್ಪನೇ ಇಡಲಿ ಎಂದು ಬಿಟ್ಟಿದ್ದಳು. ಈಗ ಕೆಳಗಿನ ಮೂಲೆ ಖಾಲಿ ಉಳಿಯಿತು. ಇನ್ನೊಂದು ಮಾಡೋಣವೆಂದರೆ ಆ ನೀಲಿಯ ಪುಡಿ ತೀರಿಹೋಗಿತ್ತು. ಸುಡುವ ಗೂಡನ್ನೂ ಕಳೆದ ತಿಂಗಳು ಕೆಡವಿ ಆಗಿತ್ತು.

"ಅಂಗಡಿಯದ್ದೊಂದು ತಂದು ಕೂರಿಸಿಬಿಡಿ ಯಜಮಾನ್ರೆ," ಎಂದರು ಕಟ್ಟಡದ ಇಂಜಿನಿಯರ್. "ಮೂಲೇಲಿ ಯಾರಿಗೆ ಕಾಣುತ್ತೆ?"

"ನಂಗೆ ಕಾಣುತ್ತೆ." ಅಪ್ಪ ನಡುಗುತ್ತಿದ್ದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಮೂವತ್ತೆಂಟು ವರ್ಷ ಬೆಂಕಿ ಮುಂದೆ ಕೂತಿದ್ದೀನಿ. ಕೊನೇ ಕೆಲಸಕ್ಕೆ ಮಸಿ ಬಳಿಯಲ್ಲ."

"ಹಾಗಾದ್ರೆ ಇರೋದನ್ನೇ ಬೇರೆ ಅಳತೆಗೆ ಜೋಡಿಸೋಣ." ಇಂಜಿನಿಯರ್ ಫೋನು ತೆಗೆದು ಹತ್ತು ಸಾವಿರದ ನಾನೂರ ಮೂರನ್ನು ಭಾಗಿಸುತ್ತ ಹೋದರು. ಮೂರರಿಂದ ಹೋಗಲಿಲ್ಲ, ಏಳರಿಂದ ಹೋಗಲಿಲ್ಲ, ಹನ್ನೊಂದು, ಹದಿಮೂರು ಯಾವುದಕ್ಕೂ ಜಗ್ಗಲಿಲ್ಲ. ಮೂವತ್ತೇಳಕ್ಕೆ ಬರುವಷ್ಟರಲ್ಲಿ ಅವರ ತಾಳ್ಮೆ ತೀರಿತು. "ಭಾರೀ ಹಟಮಾರಿ ಸಂಖ್ಯೆ ಕಣಮ್ಮ. ಅವಿಭಾಜ್ಯ ಅಂತ ಕಾಣುತ್ತೆ. ಎಲ್ಲಾನೂ ಒಂದೇ ಸಾಲಲ್ಲಿ ನಿಲ್ಲಿಸ್ಬೇಕು, ಅಷ್ಟೆ."

ಮಗಳು ಮಂಡಿಯೂರಿ ಕೂತು ಮೂಲೆ ಖಾಲಿಯಿದ್ದ ಕೆಳಸಾಲನ್ನು ಬೆರಳಿಟ್ಟು ಎಣಿಸಿದಳು. ನೂರಾ ಒಂದು. ಅದರ ಮೇಲಿದ್ದ ಸಾಲುಗಳನ್ನು ಎಣಿಸಿದಳು. ಅವೂ ನೂರಾ ಒಂದು. ಮತ್ತೊಮ್ಮೆ ಎಣಿಸಿದಳು.

"ಅಪ್ಪಾ, ಈ ಕಡೆ ಬನ್ನಿ. ನಾನು ಕೊಟ್ಟಿದ್ದನ್ನ ಬಲಗಡೆ ಅಂಚಿಗೆ ಇಡ್ತಾ ಹೋಗಿ, ಪ್ರತಿ ಸಾಲಿನ ತುದಿಗೂ ಒಂದೊಂದು."

"ಇನ್ನೊಂದು ಬಿದ್ರೆ?"

"ಬೀಳಲ್ಲ. ಇಡಿ."

ಅವಳು ಕೆಳಸಾಲನ್ನೇ ಬಿಚ್ಚಿ ಒಂದೊಂದಾಗಿ ಕೊಟ್ಟಳು. ಅಪ್ಪ ಉಸಿರು ಬಿಗಿಹಿಡಿದು ಮೇಲಿನಿಂದ ಕೆಳಕ್ಕೆ ಇಟ್ಟುಕೊಂಡು ಬಂದರು. ನೂರಾ ಒಂದನೆಯ ಬಿಲ್ಲೆ ನೂರಾ ಒಂದನೆಯ ಸಾಲಿನ ತುದಿಯಲ್ಲಿ ಕೂತಿತು. ಕೈಯಲ್ಲಿ ಏನೂ ಉಳಿಯಲಿಲ್ಲ, ನೆಲದ ಮೇಲೆ ಎಲ್ಲೂ ಖಾಲಿ ಉಳಿಯಲಿಲ್ಲ.

ಇಂಜಿನಿಯರ್ ನೂರಾ ಒಂದನ್ನು ನೂರಾ ಮೂರರಿಂದ ಗುಣಿಸಿ ಫೋನನ್ನೇ ದಿಟ್ಟಿಸಿದರು. "ಹೌದಲ್ಲ. ಆದ್ರೆ ಚೌಕಕ್ಕೆ ಅಂತ ತರಿಸಿದ ಹಿತ್ತಾಳೆ ಪಟ್ಟಿ ಸುತ್ತ ಸಾಲ್ಬೇಕಲ್ಲಮ್ಮ?"

"ಒಂದು ಕಡೆ ಒಂದು ಇಳೀತು, ಇನ್ನೊಂದು ಕಡೆ ಒಂದು ಏರ್ತು ಸರ್. ಸುತ್ತಳತೆ ಅಷ್ಟೇ ಇರುತ್ತೆ."

ಸುತ್ತಿ ನೋಡಿದರು. ಪಟ್ಟಿಯ ಎರಡು ತುದಿಗಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕೂಡಿಕೊಂಡವು. ಅಪ್ಪ ಮಗಳ ತಲೆಯ ಮೇಲೆ ಕೈಯಿಟ್ಟರು. ಕೈ ಇನ್ನೂ ನಡುಗುತ್ತಿತ್ತು. ಅದನ್ನು ಮುಚ್ಚಿಕೊಳ್ಳುವ ಗೋಜಿಗೆ ಅವರು ಹೋಗಲಿಲ್ಲ.

ಇಂಜಿನಿಯರ್ ಕೆಮ್ಮಿ ಪೆನ್ನು ತೆಗೆದರು. "ಎಲ್ಲಾ ಸರಿ ಯಜಮಾನ್ರೆ. ಆದ್ರೂ ವರದೀಲಿ ಒಂದು ಬಿಲ್ಲೆ ಕಮ್ಮಿ ಅಂತ ಬರೀಬೇಕಾಗುತ್ತೆ."

"ಧಾರಾಳವಾಗಿ ಬರೀರಿ," ಅಪ್ಪ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತರು. "ಎಲ್ಲಿ ಕಮ್ಮಿ ಅಂತ ಮೊದ್ಲು ತೋರ್ಸಿ."