ನಾಲ್ಕನೇ ಮಹಡಿಯ ಬುಟ್ಟಿ

ನಮ್ಮ ಅಲೆಕ್ಸಾಂಡ್ರಿಯಾದಲ್ಲಿ ಹೀರೋ ಅಂತ ಒಬ್ಬನಿದ್ರೆ ಅದು ಹಳೇ ಪುಸ್ತಕದಂಗಡಿ ಸಬ್ರಿ, ಬರೆದಿಟ್ಕೊಳ್ಳಿ. ಒಂದೇ ಒಂದು ಚೀಟಿ ಓದಿ, ನಾಲ್ಕು ಮಹಡಿ ಹತ್ತಿ, ಒಂದೇ ಒದೆಗೆ ಬಾಗಿಲು ಮುರಿದು ಒಬ್ಬ ಹೆಂಗಸನ್ನ ಬಿಡಿಸಿದೋನು ಅವನು.

ಆ ಚೀಟಿ ಬಂದಿದ್ದು ಅವನ ಅಂಗಡಿ ಮೇಲಿನ ನಾಲ್ಕನೇ ಮಹಡಿಯ ಶಹೀರಾ ಮೇಡಂ ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸಿದ ಬುಟ್ಟೀಲಿ, ಅವನಿಂದಲೇ ತರಿಸ್ಕೊಂಡು ಓದಿ ಮುಗಿಸಿದ ಥ್ರಿಲ್ಲರ್ ಕಾದಂಬರಿ ಜೊತೆ. ಇಲ್ಲಿ ಎಲ್ಲಾ ಹೆಂಗಸರೂ ರೊಟ್ಟಿ, ಟೊಮೆಟೊ ಬುಟ್ಟೀಲೇ ತರಿಸ್ಕೊಳ್ತಾರೆ. ಹಾಗಾಗಿ ಮೇಡಂ ಒಂದು ವರ್ಷದಿಂದ ಕೆಳಗೇ ಬಂದಿಲ್ಲ ಅನ್ನೋದು ಯಾರಿಗೂ ಹೊಳೆದಿರಲಿಲ್ಲ.

"ಕೊಲೆಗಾರನ ಹೆಸರು ಮೊದಲ ಪುಟದಲ್ಲೇ ಗೀಚಿದ್ದೀಯಲ್ಲೋ, ಕೈ ಸುಮ್ನಿರಲ್ವಾ?" ಅಂದ್ರು ಮೇಲಿಂದ.

"ನಿಮ್ಮ ಟೈಮ್ ಉಳಿಸ್ದೆ ಮೇಡಂ. ಕೆಳಗೆ ಬಂದು ಬೈಯಿರಿ, ಚಹಾ ಕುಡಿಸ್ತೀನಿ."

"ಮೊದಲು ಆ ಚೀಟಿ ಓದು. ನನ್ನ ವಿಮರ್ಶೆ."

ಸಬ್ರಿ ಬಿಡಿಸಿ ಓದಿದ. 'ಕಾದಂಬರಿಯ ಶಕ್ತಿ: ಗಂಡ ಒಂದೇಟೂ ಹೊಡೆಯದೆ ಹೆಂಡತೀನ ಹೆದರಿಸ್ತಾನೆ. ದೌರ್ಬಲ್ಯ: ಹನ್ನೆರಡನೇ ಅಧ್ಯಾಯದಲ್ಲಿ ಹೊರಗಿಂದ ಬೀಗ ಹಾಕೋದು ಮರೆತುಬಿಡ್ತಾನೆ. ನಿಜವಾದ ಗಂಡ ಮರೆಯಲ್ಲ.' ಮೇಲೆ ಮೇಡಂ ಎರಡೂ ಕೈಲಿ ಹಗ್ಗ ಹಿಡ್ಕೊಂಡು ಅವನನ್ನೇ ನೋಡ್ತಿದ್ರು.

ಸಬ್ರಿ ಮೆಟ್ಟಿಲು ಹತ್ತಬೇಕಾಗಿದ್ದು ಆಗಲೇ. ಹತ್ತಲಿಲ್ಲ. ಆ ಸಬ್ರಿ ನಾನೇ, ಬಾಗಿಲು ಮುರಿದ ಕಥೆ ನಾನು ಕಟ್ಟಿದ್ದು. ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡು ಚೀಟಿ ಕೆಳಗೆ 'ಹಾಗಾದ್ರೆ ಹತ್ತಕ್ಕೆ ಎಷ್ಟು ಮಾರ್ಕ್ಸು?' ಅಂತ ಗೀಚಿ ಬುಟ್ಟಿಗೆ ಹಾಕಿದೆ. ಅವರು ಎಳ್ಕೊಂಡು ಓದಿದ್ರು. ನಿಧಾನಕ್ಕೆ ಹಗ್ಗ ಸುತ್ತಿಟ್ಟು ಬಾಲ್ಕನಿ ಬಾಗಿಲು ಹಾಕ್ಕೊಂಡ್ರು. ಆ ಬುಟ್ಟಿ ಮತ್ತೆ ಇಳೀಲೇ ಇಲ್ಲ.