ಕೋಡಿಬಾಗಕ್ಕೆ ಬಂದ ಸ್ಯಾನ್ ಮರಿನೋ

"ಇವ್ರು ಯುರೋಪಿನ ಟೀಮಲ್ಲ. ಬೇಕಾದ್ರೆ ಬರ್ದು ಕೊಡ್ತೆ," ಎಂದ ರಾಮನಾಥ.

ಮಿನಿ ಬಸ್ಸಿನಿಂದ ಹುಡುಗರು ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಬಸ್ಸಿಗೆ ಗೋವಾ ನಂಬರು. ಹುಡುಗರ ಮೂಗು ಬಿಸಿಲಿಗೆ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಇಬ್ಬರ ಕಾಲಲ್ಲಿ ಬೀಚಿನಲ್ಲಿ ಮಾರುವ ಅಗ್ಗದ ಚಪ್ಪಲಿ. ನೀಲಿ ಜಾಕೆಟ್ಟಿನ ಬೆನ್ನ ಮೇಲೆ ಮಾತ್ರ ಸ್ಯಾನ್ ಮರಿನೋ ಎಂದು ದೊಡ್ಡದಾಗಿ ಬರೆದಿತ್ತು.

"ಕಾಕಾ, ಅವ್ರನ್ನ ಕರ್ಸಿದ್ದು ನೀನೇ ಅಲ್ವಾ?" ಎಂದಳು ಅಣ್ಣನ ಮಗಳು ನಿಶಾ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಅವಳನ್ನು ಅತಿಥಿಗಳ ಮಾತು ತಿಳಿಸಿ ಹೇಳಲೆಂದು ಅವನೇ ಎಳೆದು ತಂದಿದ್ದ.

"ಕರ್ಸಿದ್ದು ನಾನೇ. ಬಂದವ್ರು ಯಾರು ಅಂತ ದೇವ್ರಿಗೇ ಗೊತ್ತು."

ಅನುಮಾನಕ್ಕೆ ಕಾರಣವಿತ್ತು. ಸ್ಯಾನ್ ಮರಿನೋ ಎಂದರೆ ಇಟಲಿಯ ಹೊಟ್ಟೆಯೊಳಗೆ ಕೂತ ಪುಟ್ಟ ದೇಶ; ಇಡೀ ದೇಶವೇ ಬಂದರೂ ಕಾರವಾರ ಪೇಟೆ ತುಂಬದು. ಅದರ ಹತ್ತೊಂಬತ್ತು ವರ್ಷದೊಳಗಿನವರ ರಾಷ್ಟ್ರೀಯ ಫುಟ್‌ಬಾಲ್ ತಂಡ ಅಭ್ಯಾಸಕ್ಕೆಂದು ಗೋವೆಗೆ ಬಂದಿದೆ ಎಂದು ತಿಳಿದು ರಾಮನಾಥ ಒಂದು ಇಮೇಲ್ ಹಾಕಿದ್ದ. ಮರುದಿನವೇ ಒಪ್ಪಿಗೆ ಬಂತು. ಕರೆದ ಕೂಡಲೇ ಒಂದು ದೇಶ ಬಂದುಬಿಡುತ್ತದೆಯೇ? ನಲ್ಲಿ ರಿಪೇರಿಯವನೂ ಬರುವುದಿಲ್ಲ.

ಇನ್ನು, ಪಂದ್ಯಕ್ಕೆ ಬಾಡಿಗೆ ಆಟಗಾರರನ್ನು ತರುವುದು ರಾಮನಾಥ ಕಾಣದ ವಿದ್ಯೆಯೇನಲ್ಲ. ಗಡಿಯಾಚೆಯ ಗೋವೆಯ ಹುಡುಗರು ಬೆಳಗಿನ ರೈಲಿಗೆ ಬಂದು, ಯಾರದೋ ಹೆಸರಿನಲ್ಲಿ ಆಡಿ, ಮೀನೂಟ ಹೊಡೆದು, ಸಂಜೆಯ ರೈಲಿಗೆ ಹೊರಟುಬಿಡುತ್ತಾರೆ. ಬಹುಕಾಲದಿಂದ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಅವನಿಗೆ ಇದರ ಒಳಗುಟ್ಟೆಲ್ಲ ಗೊತ್ತು. ಬೀಚಿನಲ್ಲಿ ಬಿದ್ದುಕೊಂಡ ನಾಲ್ಕು ಬಿಳಿಯರಿಗೆ ಜಾಕೆಟ್ ತೊಡಿಸಲು ಎಷ್ಟು ಹೊತ್ತು ಬೇಕು?

ಹಾಗೇನಾದರೂ ಆಗಿದ್ದರೆ ಹುಲ್ಲಿನ ಮೈದಾನ ಹೋದಂತೆಯೇ. ಕಾರವಾರದ ಕೋಡಿಬಾಗದಲ್ಲಿ ಈಗಿರುವ ಮೈದಾನವೆಂದರೆ ಮರಳು, ಜಲ್ಲಿ, ಮುಳ್ಳು. ಅಲ್ಲೇ ಬಿದ್ದು ಮಂಡಿ ಮುರಿದುಕೊಂಡು ರಾಮನಾಥ ಆಟ ಬಿಟ್ಟಿದ್ದ. ಸಾಯುವುದರೊಳಗೆ ಅಲ್ಲಿ ಹುಲ್ಲು ಕಾಣಬೇಕು ಎಂಬ ಆಸೆ ಅವನಿಗೆ ಹಸಿವಿನ ಹಾಗೆ ಹತ್ತಿಕೊಂಡಿತ್ತು. ಯಲ್ಲಾಪುರದ ಕಂಟ್ರಾಕ್ಟರ್ ಹೇರಂಬ ಹೆಗಡೆ ಅದರ ಖರ್ಚು ಕೊಡಲು ಕೊನೆಗೂ ಒಪ್ಪಿದ್ದರು, ಒಂದೇ ಮಾತಿನ ಮೇಲೆ. ಕಾರವಾರ, ಅಂಕೋಲೆಯ ಹುಡುಗರು ನಿಜವಾದ ಒಂದು ದೇಶದ ತಂಡವನ್ನು ಸೋಲಿಸಿ ತೋರಿಸಲಿ. ವೇದಿಕೆಯಲ್ಲೇ ಹುಲ್ಲಿನ ಮೈದಾನ ಘೋಷಿಸುತ್ತೇನೆ.

"ನಾಟಕ ಗೀಟಕ ಕಂಡರೆ ಅಲ್ಲಿಂದಲೇ ಎದ್ದು ಹೋಗುವವ ನಾನು, ರಾಮನಾಥರೇ," ಎಂದೂ ಹೇಳಿದ್ದರು.

"ಛೇ ಛೇ, ಹೆಗಡೇರೇ! ನಂಗೆ ಗೊತ್ತಿಲ್ದೇ ಇಲ್ಲಿ ಎಂತದೂ ನಡೆಯೂದಿಲ್ಲ."

ಹೊರಗೆ ಕ್ಲಬ್ಬಿನ ಹುಡುಗರು ಕುರ್ಚಿ ಹಾಕುತ್ತಿದ್ದರು. ರಾಮನಾಥ ಒಳಗೆ ಹೋಗಿ, ಬೂಟು ಕಟ್ಟುತ್ತಿದ್ದ ತನ್ನ ತಂಡದ ಎದುರು ನಿಂತ.

"ಹೆಗಡೇರು ಕೈ ಕುಲುಕಿ ಹೆಸ್ರು ಕೇಳ್ತ್ರು. ತಡವರ್ಸಬೇಡಿ." ಒಂಬತ್ತನೇ ನಂಬರಿನ ಹುಡುಗನತ್ತ ತಿರುಗಿದ. "ನೀ ಯಾರು?"

"ನಿತೇಶ. ಕೇಣಿ."

"ಜೋರಾಗಿ!"

"ನಿತೇಶ! ಅಂಕೋಲಾ ತಾಲೂಕು, ಕೇಣಿ!"

"ಹಾಂ. ಅದೊಂದು ನೆನಪಿರ್ಲಿ. ಊರಿನ ಮಾನ ನಿಮ್ಮ ಕೈಲಿದೆ."

ತಂಡಗಳು ಕೈಕುಲುಕುವಾಗ ಸ್ಯಾನ್ ಮರಿನೋದ ಗೋಲ್‌ಕೀಪರ್ ಒಂಬತ್ತನೇ ನಂಬರಿನವನನ್ನು ಕಂಡು ಹಲ್ಲು ಬಿಟ್ಟ. ಬೆನ್ನು ತಟ್ಟಿದ. ಏನೋ ಹೇಳಿ ನಕ್ಕ. ಹುಡುಗ ತಲೆ ತಗ್ಗಿಸಿ ಮುಂದೆ ಸರಿದ.

"ನೋಡ್ದ್ಯಾ?" ರಾಮನಾಥ ನಿಶಾಳ ತೋಳು ಹಿಡಿದ. "ಹಳೇ ದೋಸ್ತನ ಹಾಂಗೆ ಮಾತಾಡ್ಸ್ತಾ ಇದ್ದ! ಈ ಹುಡ್ಗನ ಗುರ್ತು ಅವ್ನಿಗೆ ಹೆಂಗೆ? ಅವ ಗೋವಾದಲ್ಲೇ ಇರೂವವ, ಮತ್ತೆಂತದೂ ಅಲ್ಲ."

"ಆಟ ಆಡೋರು ಹಾಂಗೇ ಕಾಕಾ. ನೀ ಸುಮ್ನೆ ಕೂರು."

ಆಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನೀಲಿ ಅಂಗಿಯವರು ಓಡಿದರು, ಬಿದ್ದರು, ಕ್ಷಮೆ ಕೇಳಿದರು. ಅರ್ಧ ಆಟ ಮುಗಿಯುವುದರೊಳಗೆ ಅವರ ಮೇಲೆ ಎರಡು ಗೋಲು. ಹೊಡೆದವ ಅಂಕೋಲೆಯವನಂತೆ ಎಂದು ಕಾರವಾರದವರು ಶಿಳ್ಳೆ ಹಾಕಿದರು. ಕಾರವಾರದವನಂತೆ ಎಂದು ಅಂಕೋಲೆಯವರು. ರಾಮನಾಥನಿಗೆ ಮಾತ್ರ ಒಂದೊಂದು ಗೋಲಿಗೂ ಅನುಮಾನ ಹೆಚ್ಚುತ್ತಿತ್ತು. ಒಂದು ದೇಶ ಹೀಗೆ ಆಡುತ್ತದೆಯೇ?

ವಿರಾಮದಲ್ಲಿ ತಡೆಯಲಾಗಲಿಲ್ಲ. ನಿಶಾಳನ್ನು ಮುಂದೆ ಮಾಡಿಕೊಂಡು ಹೋಗಿ ಪಾಸ್‌ಪೋರ್ಟ್ ಕೇಳಿಯೇಬಿಟ್ಟ. ನರೆತ ತಲೆಯ ಕೋಚ್ ಬೇಸರಿಸಲಿಲ್ಲ. ಚೀಲ ಬಿಚ್ಚಿ ಎಲ್ಲವನ್ನೂ ಮೇಜಿನ ಮೇಲೆ ಸುರಿದ. ರಾಮನಾಥ ಕನ್ನಡಕ ಏರಿಸಿ ಒಂದೊಂದೇ ಫೋಟೋವನ್ನು ಒಂದೊಂದೇ ಮುಖದ ಪಕ್ಕ ಹಿಡಿದು ನೋಡಿದ. ಮೂಗಿನ ಸಿಪ್ಪೆಯೊಂದು ಬಿಟ್ಟರೆ ಎಲ್ಲ ತಾಳೆಯಾಯಿತು.

"ಅಸಲಿ ಕಾಕಾ," ಎಂದಳು ನಿಶಾ. "ಇನ್ನಾದ್ರೂ ಸಮಾಧಾನ ಆಯ್ತಾ?"

ರಾಮನಾಥನ ಕಣ್ಣು ತುಂಬಿ ಬಂತು. ನಾಚಿಕೆಯೂ ಆಯಿತು. ಪಾಪ, ಅಷ್ಟು ದೂರದಿಂದ ಬಂದ ಮಕ್ಕಳು. ಕೋಚಿಗೆ ತಾನೇ ಎಳನೀರು ಕೆತ್ತಿಸಿ ಕೊಟ್ಟ.

ಪಂದ್ಯ ನಾಲ್ಕು–ಸೊನ್ನೆಗೆ ಮುಗಿಯಿತು. ವೇದಿಕೆಯಲ್ಲಿ ಹೇರಂಬ ಹೆಗಡೆ ಗಂಟಲು ಸರಿಮಾಡಿಕೊಂಡು ಎದ್ದರು. ರಾಮನಾಥ ಕೈಮುಗಿದು ತಡೆದ. ಮೊದಲು ಅತಿಥಿಗಳ ಮಾತು, ಆಮೇಲೆ ಘೋಷಣೆ. ಪದ್ಧತಿ ಎಂದರೆ ಪದ್ಧತಿ.

ಕೋಚ್ ಮೈಕಿನ ಮುಂದೆ ನಿಂತು ಹರಕು ಇಂಗ್ಲಿಷಿನಲ್ಲಿ ಮನಸಾರೆ ಮಾತಾಡಿದ. ಗೆದ್ದ ಹುಡುಗರತ್ತ ಕೈ ತೋರಿಸಿ ನಕ್ಕ.

"ಎಂತ ಹೇಳ್ತಾರೆ ಇವರು?" ಹೆಗಡೆಯವರು ಬಗ್ಗಿ ಕೇಳಿದರು.

"ನಿಶಾ, ಮೈಕಿನಲ್ಲೇ ಹೇಳು," ಎಂದ ರಾಮನಾಥ, ಹಿಗ್ಗಿ ಹೀರೇಕಾಯಿಯಾಗಿ. "ಒಂದು ಮಾತೂ ಬಿಡಬೇಡ. ಹೆಗಡೇರು ಕೇಳ್ಲಿ, ಊರಿಗೆ ಊರೇ ಕೇಳ್ಲಿ."

ನಿಶಾ ಕಾಕಾನ ಮುಖ ನೋಡಿದಳು. ಗೆದ್ದ ಹುಡುಗರ ಮುಖ ನೋಡಿದಳು. ಹೇಳು ಹೇಳು ಎಂದು ಅವನು ಕೈಸನ್ನೆ ಮಾಡಿದ.

"ಹೋದ ವಾರ ಮಡಗಾಂವದಲ್ಲಿ ನಮ್ಮನ್ನ ಸೋಲ್ಸಿದ್ದೂ ಇದೇ ಹನ್ನೊಂದು ಹುಡುಗ್ರು, ಮತ್ತೆ ಕಂಡು ಬಹಳ ಸಂತೋಷ ಆಯ್ತು ಅಂತಾರೆ, ಆದ್ರೆ ಅಲ್ಲಿ ಇವ್ರ ಹೆಸ್ರೆಲ್ಲ ಬೇರೆ ಇತ್ತಲ್ಲ, ಎಂತಕ್ಕೆ ಅಂತ ಕೇಳ್ತಿದ್ದಾರೆ, ಕಾಕಾ."