ಮನೆಮಾತು

ಯಾರ ದನಿಯನ್ನು ಯಾರು ಬೇಕಾದರೂ ನಕಲು ಮಾಡಬಹುದಾದ ಮೇಲೆ, ಪ್ರತಿ ಕುಟುಂಬವೂ ಒಂದು ಗುಟ್ಟಿನ ಪದ ಇಟ್ಟುಕೊಂಡು ವಾರಕ್ಕೊಮ್ಮೆ ಬದಲಿಸುತ್ತಿತ್ತು. ಅದನ್ನು ಮನೆಮಾತು ಎನ್ನುತ್ತಿದ್ದರು. ಅದನ್ನು ಹೇಳದವರ ಕರೆಯನ್ನು ಯಾರೂ ನಂಬುತ್ತಿರಲಿಲ್ಲ.

ಅಣೆಕಟ್ಟೆಯ ಗೇಟು ಕಿತ್ತುಹೋದಾಗ ಕಾವಲುಗಾರ ದುಂಡಪ್ಪ ಮೊದಲು ಹೆಂಡತಿಗೆ ಫೋನ್ ಮಾಡಿದ. ಅವರ ಓಣಿ ಹೊಳೆಯ ದಂಡೆಯಲ್ಲಿತ್ತು.

"ನೀಲಾ, ಗೇಟ್ ಕಿತ್ತೈತಿ! ಕೂಸಿನ್ನ ಎತ್ಕೊಂಡು ಗುಡ್ಡಕ್ಕ ಓಡು. ಓಣ್ಯಾಗಿನವ್ರಿಗೂ ಹೇಳು."

"ಮನಿಮಾತು ಹೇಳ್ರಿ."

ಅದನ್ನು ಹಿಂದಿನ ದಿನವಷ್ಟೇ ಬದಲಿಸಿದ್ದರು. ಗಾಬರಿಯಲ್ಲಿ ಅವನ ಬಾಯಿಗೆ ಹಳೆಯದೇ ಬಂತು.

"ಅದು ಹೋದ ವಾರದ್ದು," ಎಂದಳು ನೀಲವ್ವ.

"ಹೊಸಾದು ನೆನಪಾಗವಲ್ದು! ಕೈ ಮುಗೀತೀನಿ, ಓಡು!" ದುಂಡಪ್ಪ ಅತ್ತುಬಿಟ್ಟ.

ನೀಲವ್ವ ಹೊಸ್ತಿಲಲ್ಲೇ ನಿಂತಳು. "ಮೊನ್ನೆ ಫೋನ್ ಮಾಡ್ದಾವನೂ ನನ್ನ ಗಂಡನ ದನೀಲೇ ಅತ್ತಿದ್ದ. ಮನಿಮಾತು ಕೇಳಲಾರದ ನಂಬಿ ಓಡಿದ್ವಿ. ತಿರುಗಿ ಬರೂದ್ರಾಗ ಓಣಿ ಪೂರಾ ಕಳವಾಗಿತ್ತು."

ಅವಳ ಮಾತು ಕೇಳಿ ಹೊರಬಂದಿದ್ದ ನೆರೆಮನೆಯ ಗಂಗವ್ವ ಕೂಗಿದಳು: "ಏನವ್ವಾ, ಓಡೂದೇನ?"

"ಸುಳ್ಳ ಐತಿ ಯಕ್ಕಾ. ಎಲ್ರಿಗೂ ಒಳಗ ಹೋಗಂತ ಹೇಳು."

ಫೋನ್ ಇನ್ನೂ ಕಟ್ಟಾಗಿರಲಿಲ್ಲ. ಒಂದೊಂದೇ ಮನೆಯ ಬಾಗಿಲಿಗೆ ಚಿಲಕ ಬೀಳುವುದು ದುಂಡಪ್ಪನಿಗೆ ಕೇಳಿಸುತ್ತಿತ್ತು. ಅವನ ಕಣ್ಣೆದುರೇ ನೀರು ಆ ಕಡೆಗೆ ಹೊರಟಿತ್ತು.